ಹಣದುಬ್ಬರ ಇಳಿದ ತಿಂಗಳಲ್ಲಿ ಬೆಲೆ ಏರಿದ್ದು ಹೇಗೆ?

2024ರ ಆಗಸ್ಟ್ 12ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಅಂಕಿಅಂಶದ ಪ್ರಕಾರ, ಜೂನ್‌ನಲ್ಲಿ ಶೇ 5.08ರಷ್ಟಿದ್ದ ದೇಶದ ಚಿಲ್ಲರೆ ಹಣದುಬ್ಬರ ಜುಲೈನಲ್ಲಿ ಶೇ 3.54ಕ್ಕೆ ಇಳಿದಿತ್ತು. ಸುಮಾರು ಐದು ವರ್ಷಗಳಿಂದ ಇಷ್ಟು ಕಡಿಮೆ ದರ ಕಂಡಿರಲಿಲ್ಲ. ಆದರೆ ಅದೇ ಪ್ರಕಟಣೆಯಲ್ಲಿ, ಜೂನ್‌ನಲ್ಲಿ 190ರ ಆಸುಪಾಸಿನಲ್ಲಿದ್ದ ಗ್ರಾಹಕ ಬೆಲೆ ಸೂಚ್ಯಂಕ ಜುಲೈನಲ್ಲಿ 193ರ ಹತ್ತಿರಕ್ಕೆ ಏರಿರುವುದೂ ದಾಖಲಾಗಿತ್ತು. ಅಂದರೆ ಆ ಒಂದೇ ತಿಂಗಳಲ್ಲಿ ಬೆಲೆಗಳು ಸರಾಸರಿ ಶೇ 1.4ರಷ್ಟು ಹೆಚ್ಚಿದ್ದವು. ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಆ ದಿನಗಳಲ್ಲಿ ಈರುಳ್ಳಿ, ಟೊಮೆಟೊ ಕೊಂಡವರು ‘ಹಣದುಬ್ಬರ ಇಳಿಕೆ’ ಎಂಬ ಸುದ್ದಿಯನ್ನು ಓದಿ ನಂಬದೇ ಹೋಗಿದ್ದರೆ ಅದು ಅವರ ತಪ್ಪಲ್ಲ, ಸುದ್ದಿಯೂ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಾಗುವುದು ಹೇಗೆಂದು ತಿಳಿದುಕೊಂಡರೆ, ಪ್ರತಿ ತಿಂಗಳು ಬರುವ ಈ ಅಂಕಿಯ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮೊದಲು ಸೂಚ್ಯಂಕ ಮತ್ತು ಹಣದುಬ್ಬರ ದರ ಇವೆರಡನ್ನು ಬೇರೆ ಮಾಡಿ ನೋಡಬೇಕು. ಸೂಚ್ಯಂಕವೆಂದರೆ ಬೆಲೆಗಳ ಮಟ್ಟ. ಮೇಲಿನ ಸಂಖ್ಯೆಗಳು 2012ನೆಯ ಇಸವಿಯನ್ನು ಆಧಾರ ವರ್ಷವನ್ನಾಗಿ ಇಟ್ಟುಕೊಂಡ ಸರಣಿಯವು. ಆ ವರ್ಷ ನೂರು ರೂಪಾಯಿಗೆ ಬರುತ್ತಿದ್ದ ಸರಕು ಮತ್ತು ಸೇವೆಗಳ ಕಟ್ಟಿಗೆ 2024ರ ಜುಲೈನಲ್ಲಿ 193 ರೂಪಾಯಿ ಬೇಕಾಗುತ್ತಿತ್ತು ಎಂಬುದು ಅದರ ಅರ್ಥ. ಹಣದುಬ್ಬರ ದರ ಮಟ್ಟವನ್ನು ಹೇಳುವುದಿಲ್ಲ. ಈ ವರ್ಷದ ಒಂದು ತಿಂಗಳ ಸೂಚ್ಯಂಕ ಹಿಂದಿನ ವರ್ಷದ ಅದೇ ತಿಂಗಳಿನದಕ್ಕಿಂತ ಶೇಕಡ ಎಷ್ಟು ಹೆಚ್ಚಾಗಿದೆ ಎಂಬುದನ್ನು ಹೇಳುತ್ತದೆ. ಹೀಗಾಗಿ ಆ ದರದಲ್ಲಿ ಯಾವಾಗಲೂ ಎರಡು ತಿಂಗಳುಗಳ ಪಾಲಿರುತ್ತದೆ: ಈಗಿನದು ಒಂದು, ನಾವು ಆಗಲೇ ಮರೆತಿರುವ ಹೋದ ವರ್ಷದ್ದು ಇನ್ನೊಂದು.

2023ರ ಜುಲೈಯನ್ನು ನೆನಪಿಸಿಕೊಳ್ಳಿ. ದೇಶದ ಹಲವೆಡೆ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಆ ಜೂನ್‌ನಲ್ಲಿ 181 ಇದ್ದ ಸೂಚ್ಯಂಕ ಜುಲೈನಲ್ಲಿ 186.3ಕ್ಕೆ ಜಿಗಿಯಿತು. ಒಂದು ತಿಂಗಳಲ್ಲಿ ಶೇ 2.9ರಷ್ಟು ಏರಿಕೆ ಅಸಾಮಾನ್ಯ. ಅದರ ಹಿಂದಿನ ವರ್ಷದ ಜುಲೈನಲ್ಲಿ ಸೂಚ್ಯಂಕ 173.4 ಇದ್ದುದರಿಂದ ವಾರ್ಷಿಕ ಹಣದುಬ್ಬರ ಶೇ 7.44 ಎಂದಾಯಿತು. ಮುಂದಿನ ವರ್ಷದ ಜುಲೈನಲ್ಲಿ ಬೆಲೆಗಳು ಮತ್ತೆ ಏರಿದವು, ಆದರೆ ಈ ಸಲ ಹೋಲಿಕೆ ನಡೆದದ್ದು ಆಗಲೇ ಎತ್ತರಕ್ಕೆ ಹೋಗಿದ್ದ 186.3ರ ಜೊತೆ. 193ರ ಹತ್ತಿರವಿದ್ದ ಸಂಖ್ಯೆಯನ್ನು ಅದಕ್ಕೆ ಹೋಲಿಸಿದಾಗ ವ್ಯತ್ಯಾಸ ಶೇ 3.5ರ ಸುತ್ತ ನಿಂತಿತು. ಅರ್ಥಶಾಸ್ತ್ರಜ್ಞರು ಇದನ್ನು ಆಧಾರ ಪರಿಣಾಮ ಎನ್ನುತ್ತಾರೆ. ಹೋದ ವರ್ಷ ವಿಪರೀತ ತುಟ್ಟಿಯಾಗಿದ್ದರೆ ಈ ವರ್ಷದ ದರ ತಾನಾಗಿ ತಗ್ಗಿದಂತೆ ಕಾಣುತ್ತದೆ. ಹೋದ ವರ್ಷ ಬೆಲೆ ಬಿದ್ದಿದ್ದರೆ ಈ ವರ್ಷದ ಸಾಧಾರಣ ಬೆಲೆಯೂ ಭಾರಿ ಏರಿಕೆಯಂತೆ ತೋರುತ್ತದೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವವರು ಮಾತ್ರ ಈ ತಿಂಗಳ ಬೆಲೆಯನ್ನು ಹೋದ ತಿಂಗಳಿನ ಬೆಲೆಗೆ ಹೋಲಿಸುತ್ತಾರೆ, ಹನ್ನೆರಡು ತಿಂಗಳ ಹಿಂದಿನದಕ್ಕಲ್ಲ. ಸರ್ಕಾರದ ಅಂಕಿಗೂ ಜನರ ಅನುಭವಕ್ಕೂ ನಡುವಿನ ಬಿರುಕು ಶುರುವಾಗುವುದು ಇಲ್ಲಿಂದಲೇ.

ಹಾಗಾದರೆ ತಿಂಗಳಿಂದ ತಿಂಗಳಿಗೇ ಏಕೆ ಹೋಲಿಸಬಾರದು ಎಂದು ಕೇಳಬಹುದು. ತರಕಾರಿಯ ಬೆಲೆ ಮಳೆಗಾಲದಲ್ಲಿ ಏರಿ ಚಳಿಗಾಲದಲ್ಲಿ ಇಳಿಯುವುದು ಪ್ರತಿ ವರ್ಷದ ರೂಢಿ. ಬೇಸಿಗೆಯ ಕೊನೆಗೆ ಸೊಪ್ಪು ಸಿಗುವುದೇ ಕಷ್ಟ, ಡಿಸೆಂಬರ್‌ನಲ್ಲಿ ಅದೇ ಸೊಪ್ಪು ರಾಶಿ ಬೀಳುತ್ತದೆ. ಜುಲೈಯನ್ನು ಜೂನ್‌ಗೆ ಹೋಲಿಸಿದರೆ ಋತುಮಾನದ ಏರಿಳಿತವೇ ಹಣದುಬ್ಬರವೆಂದು ಲೆಕ್ಕವಾಗುತ್ತದೆ. ಜುಲೈಯನ್ನು ಜುಲೈಗೆ ಹೋಲಿಸಿದರೆ ಆ ಅಂಶ ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದ್ದರಿಂದ ವಾರ್ಷಿಕ ಹೋಲಿಕೆಗೆ ಸರಿಯಾದ ಕಾರಣವಿದೆ. ನನ್ನ ತಕರಾರು ಅದನ್ನು ಪ್ರಕಟಿಸುವ ಬಗೆಯ ಮೇಲಷ್ಟೇ: ಸೂಚ್ಯಂಕವೆಷ್ಟು, ಹೋದ ತಿಂಗಳಿಗಿಂತ ಎಷ್ಟು ಬದಲಾಗಿದೆ, ಹೋದ ವರ್ಷಕ್ಕಿಂತ ಎಷ್ಟು ಬದಲಾಗಿದೆ ಎಂಬ ಮೂರನ್ನೂ ಒಟ್ಟಿಗೆ ಕೊಡದೆ, ಒಂದೇ ದರವನ್ನು ತಲೆಬರಹಕ್ಕೆ ಏರಿಸುವುದರಿಂದ ಓದುಗರಿಗೆ ಅರ್ಧ ಮಾತ್ರ ತಿಳಿಯುತ್ತದೆ.

ಇನ್ನು, ‘ಬೆಲೆಗಳು ಸರಾಸರಿ’ ಎಂದಾಗ ಯಾವ ಬೆಲೆಗಳು, ಎಂಥ ಸರಾಸರಿ ಎಂಬ ಪ್ರಶ್ನೆ. 2012ರ ಸರಣಿಯಲ್ಲಿ 299 ವಸ್ತು ಮತ್ತು ಸೇವೆಗಳಿದ್ದವು. ಅಕ್ಕಿ, ಬೇಳೆ, ಹಾಲು, ಸೀಮೆಎಣ್ಣೆಯಿಂದ ಹಿಡಿದು ಬಸ್ ದರ, ವೈದ್ಯರ ಶುಲ್ಕ, ಚಿನ್ನದವರೆಗೆ ಎಲ್ಲವೂ ಅದರೊಳಗಿದ್ದವು. ಎಲ್ಲಕ್ಕೂ ಸಮಾನ ಮಹತ್ವ ಕೊಟ್ಟರೆ ಉಪ್ಪಿನ ಬೆಲೆ ದುಪ್ಪಟ್ಟಾದದ್ದೂ ಹಾಲಿನ ಬೆಲೆ ದುಪ್ಪಟ್ಟಾದದ್ದೂ ಒಂದೇ ಆಗಿಬಿಡುತ್ತದೆ. ಅದಕ್ಕಾಗಿ ದೇಶದ ಕುಟುಂಬಗಳು ತಮ್ಮ ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಇಡುತ್ತವೆ ಎಂಬುದನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ತಿಳಿದು, ಅದೇ ಪ್ರಮಾಣದಲ್ಲಿ ಪ್ರತಿ ವಸ್ತುವಿಗೂ ತೂಕ ನಿಗದಿ ಮಾಡುತ್ತಾರೆ. 2011-12ರ ಸಮೀಕ್ಷೆಯನ್ನು ಆಧರಿಸಿದ ಆ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಒಟ್ಟಾರೆ ಶೇ 45.86 ಇತ್ತು, ಹಳ್ಳಿಗಳಿಗೆ ಪ್ರತ್ಯೇಕವಾಗಿ ಲೆಕ್ಕ ಹಾಕಿದ ಸೂಚ್ಯಂಕದಲ್ಲಿ ಅದು ಶೇ 54ಕ್ಕಿಂತ ಹೆಚ್ಚು, ನಗರಗಳಿಗೆ ಶೇ 36ರ ಹತ್ತಿರ. ಧಾನ್ಯಗಳಿಗೆ ಶೇ 9.67, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಶೇ 6.61, ತರಕಾರಿಗೆ ಶೇ 6.04, ಎಲ್ಲ ಬೇಳೆಕಾಳುಗಳಿಗೆ ಸೇರಿ ಶೇ 2.38.

ಬೆಲೆ ಸಂಗ್ರಹಿಸುವ ಕೆಲಸ ಬೇಸರ ತರುವಷ್ಟು ಕಟ್ಟುನಿಟ್ಟಿನದು. 2012ರ ಸರಣಿಗೆ ದೇಶದ 1,181 ಹಳ್ಳಿಗಳು ಮತ್ತು ನಗರಗಳ 1,114 ಮಾರುಕಟ್ಟೆಗಳನ್ನು ಆರಿಸಿದ್ದರು. ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಅಂಗಡಿಗೆ ಹೋಗಿ, ಹೋದ ತಿಂಗಳು ಯಾವ ದರ್ಜೆಯ ವಸ್ತುವಿನ ಬೆಲೆ ಬರೆದುಕೊಂಡಿದ್ದರೋ ಅದೇ ದರ್ಜೆಯ ಬೆಲೆಯನ್ನು ಮತ್ತೆ ಬರೆದುಕೊಳ್ಳಬೇಕು. ಬರೆದುಕೊಳ್ಳುವುದು ಗ್ರಾಹಕ ಅಂಗಡಿಯಲ್ಲಿ ನಿಜವಾಗಿ ಕೊಡುವ ಚಿಲ್ಲರೆ ಬೆಲೆಯನ್ನು. ಕಲಬುರಗಿಯ ಸಗಟು ಪೇಟೆಯಾದ ನೆಹರೂ ಗಂಜ್‌ನ ಅಡತಿ ಅಂಗಡಿಯಲ್ಲಿ ಹರಾಜಾಗುವ ಬೆಲೆಯನ್ನಲ್ಲ. ಸಗಟು ಬೆಲೆಗೆ ಬೇರೆಯದೇ ಸೂಚ್ಯಂಕವಿದೆ, ಅದನ್ನು ಬೇರೆ ಸಚಿವಾಲಯ ಪ್ರಕಟಿಸುತ್ತದೆ. ಹೀಗೆ ಸಂಗ್ರಹವಾದದ್ದನ್ನು ಲೆಕ್ಕ ಹಾಕಿ ಮರುತಿಂಗಳ 12ನೆಯ ತಾರೀಖಿನ ಸುಮಾರಿಗೆ ತಾತ್ಕಾಲಿಕ ಅಂಕಿಯನ್ನೂ, ಆಮೇಲೆ ಅಂತಿಮ ಅಂಕಿಯನ್ನೂ ಪ್ರಕಟಿಸುತ್ತಾರೆ.

ಈ ಅಂಕಿ ದೇಶಕ್ಕಿದೆ, ರಾಜ್ಯಗಳಿಗಿದೆ, ಜಿಲ್ಲೆಗಳಿಗಿಲ್ಲ. ಕಲಬುರಗಿಯ ಹಣದುಬ್ಬರ ಇಷ್ಟು ಎಂದು ಯಾರಾದರೂ ಹೇಳಿದರೆ ಅದು ಈ ಸೂಚ್ಯಂಕದಿಂದ ಬಂದ ಮಾತಲ್ಲ. ಬೆಂಗಳೂರಿನ ಬಾಡಿಗೆಯೂ ಯಾದಗಿರಿಯ ಹಳ್ಳಿಯ ಜೋಳವೂ ಒಂದೇ ರಾಜ್ಯದ ಸರಾಸರಿಯಲ್ಲಿ ಕರಗಿಹೋಗಿರುತ್ತವೆ. ಹಾಗಾಗಿ ಈ ಭಾಗದ ಕುಟುಂಬವೊಂದು ತನ್ನ ಹಣದುಬ್ಬರವನ್ನು ತಿಳಿಯಬೇಕೆಂದರೆ ತನ್ನದೇ ಖರ್ಚಿನ ಪಾಲುಗಳನ್ನು ನೋಡಬೇಕು. ತೊಗರಿ ಬೇಳೆಯನ್ನೇ ತೆಗೆದುಕೊಳ್ಳೋಣ. 2012ರ ಸರಣಿಯ ರಾಷ್ಟ್ರೀಯ ಸೂಚ್ಯಂಕದಲ್ಲಿ ಅದರ ತೂಕ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ, ಸುಮಾರು ಶೇ 0.8 ಇತ್ತು. ಬೇಳೆ ಕಿಲೋಗೆ 120 ರೂಪಾಯಿಯಿಂದ 160ಕ್ಕೆ ಏರಿತು ಎಂದಿಟ್ಟುಕೊಂಡರೆ, ಅಂದರೆ ಮೂರನೆಯ ಒಂದು ಪಾಲಿನಷ್ಟು ಏರಿದರೆ, ಸೂಚ್ಯಂಕ ಅಲುಗಾಡುವುದು ಶೇ 0.3ರೊಳಗೆ. ಆದರೆ ತಿಂಗಳಿಗೆ 12,000 ರೂಪಾಯಿ ಖರ್ಚು ಮಾಡುವ, ನಾಲ್ಕು ಕಿಲೋ ಬೇಳೆ ಬೇಕಾಗುವ ಮನೆಗೆ ಅದೇ ಏರಿಕೆಯಿಂದ 160 ರೂಪಾಯಿ ಹೊರೆ ಬೀಳುತ್ತದೆ. ಅವರ ಖರ್ಚಿನಲ್ಲಿ ಅದು ಶೇ 1.3. ಬೇಳೆಯೇ ಸಾರಿಗೂ ಪಲ್ಯಕ್ಕೂ ಆಧಾರವಾಗಿರುವ ಮನೆಯ ಲೆಕ್ಕ ದೆಹಲಿಯ ಲೆಕ್ಕಕ್ಕೆ ಹೊಂದದಿರುವುದಕ್ಕೆ ಕಾರಣ ಇಷ್ಟು ಸರಳ. ಇದಕ್ಕೆ ಇನ್ನೊಂದು ಮುಖವೂ ಇದೆ: ಪಡಿತರದ ಅಕ್ಕಿಯಿಂದಲೇ ತಿಂಗಳು ಸಾಗಿಸುವ ಕುಟುಂಬಕ್ಕೆ ಪೇಟೆಯ ಅಕ್ಕಿ ಎಷ್ಟು ಏರಿದರೂ ಅಷ್ಟಾಗಿ ತಟ್ಟುವುದಿಲ್ಲ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುವ ಮಹಿಳೆಗೆ ಟಿಕೆಟ್ ದರದ ಏರಿಕೆ ತಟ್ಟುವುದಿಲ್ಲ. ಸರಾಸರಿ ಎಂಬುದು ಯಾವ ಮನೆಯದೂ ಅಲ್ಲ.

ತೊಗರಿಯ ಮಾತು ಬಂದದ್ದರಿಂದ ಅದನ್ನು ಇನ್ನಷ್ಟು ಬಿಡಿಸಿ ನೋಡುವುದು ಒಳ್ಳೆಯದು. ತಿಂಗಳ ಏರಿಳಿತಕ್ಕೂ ದೀರ್ಘಕಾಲದ ಏರಿಕೆಗೂ ಇರುವ ಅಂತರವನ್ನು ಅದಕ್ಕಿಂತ ಚೆನ್ನಾಗಿ ತಿಳಿಸುವ ಬೆಳೆ ಇಲ್ಲ. ಟೊಮೆಟೊ ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಬೆಲೆ ಏರಿದ ಕೂಡಲೇ ರೈತರು ನಾಟಿ ಮಾಡುತ್ತಾರೆ, ಕೆಲವೇ ವಾರಗಳಲ್ಲಿ ಆವಕ ಹೆಚ್ಚಿ ಬೆಲೆ ಬೀಳುತ್ತದೆ. 2023ರ ಜುಲೈನ ಟೊಮೆಟೊ ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಅಗ್ಗವಾಗಿದ್ದು ಹಾಗೆ. ತೊಗರಿ ಹಾಗಲ್ಲ. ಮುಂಗಾರಿನಲ್ಲಿ ಬಿತ್ತಿದ್ದು ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಒಂದು ಹಂಗಾಮು ಕೈಕೊಟ್ಟರೆ ಮುಂದಿನ ರಾಶಿಯವರೆಗೆ ಇಡೀ ವರ್ಷ ಕೊರತೆ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ಗಿಡವನ್ನೇ ಒಣಗಿಸುವ ನೆಟೆ ರೋಗ ಬಡಿಯಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ದೇಶದ ತೊಗರಿಯಲ್ಲಿ ಈ ಭಾಗದ ಪಾಲು ದೊಡ್ಡದಾದ್ದರಿಂದ ಇಲ್ಲಿನ ಹೊಲದ ಕಷ್ಟ ದೇಶದ ಅಂಗಡಿಗಳಿಗೆ ಹರಡಿತು. ಬೇಳೆಕಾಳುಗಳ ಹಣದುಬ್ಬರ 2023ರ ಕೊನೆಗೆ ಶೇ 20ನ್ನು ದಾಟಿತು. 2024ರ ಜೂನ್‌ನಲ್ಲೂ ಶೇ 16ರ ಮೇಲಿತ್ತು. ತರಕಾರಿಯ ರೇಖೆ ಮುಳ್ಳಿನಂತೆ ಎದ್ದು ಬೀಳುವಾಗ ಬೇಳೆಯ ರೇಖೆ ದಿಬ್ಬದಂತೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು ಈ ಕಾರಣದಿಂದ.

ಸರ್ಕಾರ ಸುಮ್ಮನಿರಲಿಲ್ಲ. 2023ರ ಜೂನ್‌ನಲ್ಲಿ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹೇರಿತು. ಮೊಜಾಂಬಿಕ್, ಮ್ಯಾನ್ಮಾರ್ ಮೊದಲಾದ ದೇಶಗಳಿಂದ ಸುಂಕವಿಲ್ಲದೆ ತೊಗರಿ ತರಿಸುವ ಅವಕಾಶವನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸಿತು. ಮುಂದೆ ಮಳೆಯೂ ಅನುಕೂಲವಾಗಿ ಬೆಳೆ ಸುಧಾರಿಸಿತು. ಬೆಲೆ ಇಳಿಯತೊಡಗಿತು, 2025ರ ಅಕ್ಟೋಬರ್‌ನಲ್ಲಿ ಬೇಳೆಕಾಳುಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ 16ರಷ್ಟು ಕೆಳಗಿತ್ತು. ದೇಶದ ಮಟ್ಟಿಗೆ ಇದು ಹಣದುಬ್ಬರ ನಿಯಂತ್ರಣದ ಯಶಸ್ಸು. ಕಲಬುರಗಿಯಲ್ಲಿ ನಿಂತು ನೋಡಿದರೆ ಅಷ್ಟು ಸಲೀಸಾಗಿ ಹಾಗೆನ್ನಲು ಬಾರದು. 2024-25ರ ಹಂಗಾಮಿಗೆ ತೊಗರಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ರಾಶಿ ಪೇಟೆಗೆ ಬರುವ ಹೊತ್ತಿಗೆ ದರ ಕುಸಿದು, ರಾಜ್ಯ ಸರ್ಕಾರ ಅದರ ಮೇಲೆ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ರೂಪಾಯಿಗೆ ಖರೀದಿ ಮಾಡುವುದಾಗಿ ಹೇಳಬೇಕಾಯಿತು. ಹಿಂದಿನ ವರ್ಷ ಇದಕ್ಕಿಂತ ಬಹಳ ಹೆಚ್ಚಿನ ದರ ಕಂಡು, ಅದನ್ನೇ ನಂಬಿ ಬಿತ್ತಿದವರು ಇದೇ ರೈತರು.

ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಈ ರೈತನಿಗೆ ಸ್ಥಾನವಿಲ್ಲ. ಅದು ಅಳೆಯುವುದು ಕೊಳ್ಳುವವನ ಖರ್ಚನ್ನು ಮಾತ್ರ. ಮಾರುವವನ ಆದಾಯ ಅದರ ವ್ಯಾಪ್ತಿಯಾಚೆಗಿನದು. ಎಣ್ಣೆ, ಸಾಬೂನು, ಮಕ್ಕಳ ಶಾಲಾ ಶುಲ್ಕ, ಔಷಧಿ ಕೊಳ್ಳುವಾಗ ಆತ ಗ್ರಾಹಕ, ತೊಗರಿ ಚೀಲ ಇಳಿಸುವಾಗ ಉತ್ಪಾದಕ. ಬೇಳೆಯ ಬೆಲೆ ಇಳಿದು ಹಣದುಬ್ಬರ ತಗ್ಗಿದ ತಿಂಗಳಲ್ಲಿ ಅವನ ಖರ್ಚು ಅಷ್ಟೇನೂ ಇಳಿದಿರುವುದಿಲ್ಲ, ಆದಾಯ ಮಾತ್ರ ಇಳಿದಿರುತ್ತದೆ. ಇದು ಸೂಚ್ಯಂಕದ ದೋಷವಲ್ಲ; ಅದನ್ನು ರೂಪಿಸಿದ್ದೇ ಗ್ರಾಹಕರ ಖರ್ಚನ್ನು ಅಳೆಯಲೆಂದು. ಆದರೆ ಆ ಒಂದೇ ಅಂಕಿಯನ್ನು ದೇಶದ ಸುಖದುಃಖದ ಅಳತೆಯೆಂದು ಬಳಸುವಾಗ, ದುಡಿಯುವವರಲ್ಲಿ ದೊಡ್ಡ ಭಾಗ ಕೃಷಿಯಲ್ಲೇ ಇರುವ ಭಾರತದಂಥ ದೇಶದಲ್ಲಿ, ಬೆಲೆ ಇಳಿಕೆಯ ನಷ್ಟವನ್ನು ಯಾರು ಹೊತ್ತರು ಎಂಬ ಪ್ರಶ್ನೆ ಕಾಣದೇ ಉಳಿಯುತ್ತದೆ.

ಅದೇ 2025ರ ಅಕ್ಟೋಬರ್‌ನಲ್ಲಿ ಒಟ್ಟಾರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಆ ಸರಣಿಯಲ್ಲಿ ಅದು ಅತ್ಯಂತ ಕಡಿಮೆ. ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಕಡಿತದಿಂದ ಸಾಬೂನು, ಟೂತ್‌ಪೇಸ್ಟ್‌ನಂಥ ನಿತ್ಯಬಳಕೆಯ ವಸ್ತುಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಅದಕ್ಕೆ ಒಂದು ಕಾರಣ. ಹೋಲಿಕೆಯ ತಿಂಗಳಾದ 2024ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 6.21 ಇತ್ತೆಂಬುದು ಇನ್ನೊಂದು. ಶೇ 0.25 ಎಂದರೆ ಬೆಲೆಗಳು 2023ರ ಮಟ್ಟಕ್ಕೆ ಮರಳಿದವು ಎಂದಲ್ಲ. ಹೋದ ವರ್ಷ ಏರಿದ್ದ ಎತ್ತರದಲ್ಲೇ ನಿಂತವು ಎಂದು. ಎರಡು ವರ್ಷಗಳ ಲೆಕ್ಕ ಹಿಡಿದರೆ ಏರಿಕೆ ಶೇ 6.5ರ ಹತ್ತಿರವಿತ್ತು. ಹಣದುಬ್ಬರ ಇಳಿಯುವುದು, ಬೆಲೆ ಇಳಿಯುವುದು ಇವೆರಡು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅದೇ ಸಮಯದಲ್ಲಿ ಚಿನ್ನ ಮಾತ್ರ ವಿಪರೀತ ಏರುತ್ತಿತ್ತು. ಸೂಚ್ಯಂಕದಲ್ಲಿ ಅದರ ತೂಕ ಶೇ 1ರ ಆಸುಪಾಸು ಇದ್ದುದರಿಂದ ಮದುವೆಯ ಸಿದ್ಧತೆಯಲ್ಲಿದ್ದ ಮನೆಗಳ ಸಂಕಟ ಒಟ್ಟು ಅಂಕಿಯಲ್ಲಿ ಅಷ್ಟಾಗಿ ಕಾಣಲಿಲ್ಲ.

ಈ ಅಂಕಿಯನ್ನು ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಓದುವುದು ರಿಸರ್ವ್ ಬ್ಯಾಂಕ್. 2016ರ ಕಾಯ್ದೆ ತಿದ್ದುಪಡಿಯ ಪ್ರಕಾರ ಚಿಲ್ಲರೆ ಹಣದುಬ್ಬರವನ್ನು ಶೇ 4ರ ಸುತ್ತ, ಹೆಚ್ಚೆಂದರೆ ಶೇ 6ರ, ಕಡಿಮೆಯೆಂದರೆ ಶೇ 2ರ ಮಿತಿಯಲ್ಲಿ ಇರಿಸುವುದು ಅದರ ಹೊಣೆ. ಸತತ ಮೂರು ತ್ರೈಮಾಸಿಕ ಮಿತಿ ಮೀರಿದರೆ ಸರ್ಕಾರಕ್ಕೆ ಲಿಖಿತ ವಿವರಣೆ ಕೊಡಬೇಕು. 2022ರಲ್ಲಿ ಹಾಗೆಯೇ ಆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79 ಮುಟ್ಟಿದ್ದರಿಂದ, ಮೇ ತಿಂಗಳಿನಿಂದ ಮುಂದಿನ ಫೆಬ್ರುವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ 4ರಿಂದ ಶೇ 6.5ಕ್ಕೆ ಏರಿತು, ಅದರ ಬೆನ್ನಲ್ಲೇ ಮನೆ ಸಾಲದ ಕಂತುಗಳೂ ಏರಿದವು. ಬಡ್ಡಿ ಏರಿಸಿದರೆ ಮಳೆ ಬರುವುದಿಲ್ಲ, ತೊಗರಿ ಬೆಳೆಯುವುದಿಲ್ಲ. ಜನ ಸಾಲ ಮಾಡಿ ಕೊಳ್ಳುವುದು ಕಡಿಮೆಯಾಗಿ, ಆಹಾರ ಮತ್ತು ಇಂಧನ ಬಿಟ್ಟು ಉಳಿದವುಗಳ ಬೆಲೆ ನಿಧಾನವಾಗಿ ತಣ್ಣಗಾಗುತ್ತದೆ ಅಷ್ಟೇ. ಆದ್ದರಿಂದಲೇ ಅರ್ಥಶಾಸ್ತ್ರಜ್ಞರು ಆಹಾರ ಮತ್ತು ಇಂಧನವನ್ನು ತೆಗೆದ ಮೂಲ ಹಣದುಬ್ಬರವನ್ನು ಬೇರೆಯಾಗಿ ನೋಡುತ್ತಾರೆ. ಊಟಕ್ಕೇ ಅರ್ಧ ಖರ್ಚಾಗುವ ಮನೆಯವರಿಗೆ ಊಟ ಬಿಟ್ಟ ಹಣದುಬ್ಬರ ವಿಚಿತ್ರವಾಗಿ ಕೇಳಿಸಬಹುದು, ಆದರೆ ಬಡ್ಡಿಯ ಕೈಗೆ ನಿಲುಕುವುದು ಬಹುಮಟ್ಟಿಗೆ ಅಷ್ಟೇ.

2026ರ ಫೆಬ್ರುವರಿಯಿಂದ 2024ನೆಯ ಇಸವಿಯನ್ನು ಆಧಾರವಾಗಿಟ್ಟುಕೊಂಡ ಹೊಸ ಸರಣಿ ಬಂದಿದೆ. 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಖರ್ಚಿನಲ್ಲಿ ಆಹಾರದ ಪಾಲು ಶೇ 47ಕ್ಕೆ, ನಗರದಲ್ಲಿ ಶೇ 40ರ ಹತ್ತಿರಕ್ಕೆ ಇಳಿದಿರುವುದರಿಂದ, ಸೂಚ್ಯಂಕದಲ್ಲೂ ಆಹಾರದ ತೂಕ ಸುಮಾರು ಶೇ 37ಕ್ಕೆ ತಗ್ಗಿದೆ. ವಸ್ತುಗಳ ಸಂಖ್ಯೆ 358ಕ್ಕೆ ಏರಿದೆ, ಹಳ್ಳಿಯ ಮನೆ ಬಾಡಿಗೆಯೂ ಸೇರಿದೆ. ಇದರ ಫಲವೆಂದರೆ, 2023ರ ಜುಲೈನಂಥ ತರಕಾರಿ ಆಘಾತ ಮತ್ತೆ ಬಂದರೆ ತಲೆಬರಹದ ಅಂಕಿ ಆಗಿನಷ್ಟು ಜಿಗಿಯದು. ಊಟಕ್ಕೆ ಇನ್ನೂ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡುವ ಬಡ ಕುಟುಂಬದ ಪಾಲಿಗೆ ಅಂಕಿಗೂ ಅನುಭವಕ್ಕೂ ನಡುವಿನ ಅಂತರ ಇನ್ನಷ್ಟು ಹೆಚ್ಚೀತು.

ಕೊನೆಯದಾಗಿ, ಕೂಲಿ ಮತ್ತು ಸಂಬಳದ ಲೆಕ್ಕ ನಡೆಯುವುದು ಈ ಸೂಚ್ಯಂಕದ ಮೇಲಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಕೇಂದ್ರ ನೌಕರರ ತುಟ್ಟಿಭತ್ಯೆ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಅನುಸರಿಸಿ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ನರೇಗಾ ಕೂಲಿಗೆ ಆಧಾರವಾಗಿದ್ದುದು ಕೃಷಿ ಕಾರ್ಮಿಕರ ಸೂಚ್ಯಂಕ. ಅದರ ಆಧಾರ ವರ್ಷ 1986-87. ತೂಕಗಳು 1983ರ ಸಮೀಕ್ಷೆಯವು, ಆಹಾರಕ್ಕೆ ಸುಮಾರು ಶೇ 69. 2025ರ ಜುಲೈವರೆಗೂ ಅದೇ ನಡೆದು, ಆಮೇಲೆ 2019ರ ಆಧಾರದ ಸರಣಿ ಬಂತು. ಮೊಬೈಲ್ ರೀಚಾರ್ಜ್, ಖಾಸಗಿ ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ಲು ಕೂಲಿಕಾರರ ಮನೆಗೂ ಬಂದು ಎಷ್ಟೋ ವರ್ಷಗಳಾದ ಮೇಲೂ ಅವರ ಕೂಲಿಯನ್ನು ನಾಲ್ಕು ದಶಕಗಳ ಹಿಂದಿನ ಬುಟ್ಟಿಯಿಂದ ಅಳೆಯಲಾಗುತ್ತಿತ್ತು. ಕರ್ನಾಟಕದಲ್ಲಿ ಆ ಕೂಲಿ 2023-24ರಲ್ಲಿ ದಿನಕ್ಕೆ 316 ರೂಪಾಯಿ, 2024-25ರಲ್ಲಿ 349, 2025-26ರಲ್ಲಿ 370. ಪರಿಷ್ಕರಣೆ ವರ್ಷಕ್ಕೊಮ್ಮೆ, ಏಪ್ರಿಲ್ ಒಂದರಿಂದ. ಜುಲೈನಲ್ಲಿ ಏರಿದ ಬೇಳೆಯ ಬೆಲೆಯನ್ನು ಮುಂದಿನ ಏಪ್ರಿಲ್‌ವರೆಗೆ ಹಳೆಯ ಕೂಲಿಯಲ್ಲೇ ಕೊಡಬೇಕಾಗುತ್ತಿತ್ತು.